ಗಿರಾಕಿಗಳ ತಾಲೀಮು

ಪೇಂಟರನಿಗೆ ಅಕ್ಷರ ಚೆನ್ನಾಗಿ ಬರುತ್ತಿತ್ತು, ಮುಖ ಬರುತ್ತಿರಲಿಲ್ಲ. ಪೇಟೆಬೀದಿಯ ಹೆಚ್ಚುಕಡಿಮೆ ಎಲ್ಲ ಅಂಗಡಿಗಳ ಬೋರ್ಡೂ ಅವನ ಕೈಯದೇ. ನೆರಳು ಬಿಟ್ಟು, ಅಂಚು ಕಟ್ಟಿ ಅವನು ಬರೆದ ಅಕ್ಷರ ಎದುರು ಬದಿಯಿಂದ ನೋಡಿದರೆ ಹಲಗೆ ಬಿಟ್ಟು ಎದ್ದು ನಿಂತ ಹಾಗೆ ಕಾಣುತ್ತಿತ್ತು. ಆದರೆ ಒಮ್ಮೆ ಕಟಿಂಗ್ ಶಾಪಿನವನು ಆಸೆಪಟ್ಟು ಒಬ್ಬ ಚೆಂದದ ಗಂಡಸಿನ ಮುಖ ಬರೆಸಿದ. ಅದನ್ನು ನೋಡಿದ ಗಿರಾಕಿಯೊಬ್ಬ, "ಇದು ಕಟಿಂಗ್ ಮಾಡೋಕೆ ಮುಂಚೆನೋ, ಮಾಡಿದ ಮೇಲೋ?" ಎಂದು ಕೇಳಿಬಿಟ್ಟ. ಅಂದಿನಿಂದ ಪೇಂಟರ್ ಮುಖದ ತಂಟೆಗೆ ಹೋಗಲಿಲ್ಲ.

ಅದೇ ಬೀದಿಯಲ್ಲಿ ಅವನ ಅಕ್ಕನ ಅಂಗಡಿ. ದಾರ, ಗುಂಡಿ, ಸೂಜಿ, ಜಿಪ್ಪು, ಅಸ್ತರಿನ ಬಟ್ಟೆ. ಭಾವ ತೀರಿಕೊಂಡ ಮೇಲೆ ಅಕ್ಕ ಒಬ್ಬಳೇ ಅದನ್ನು ನಡೆಸಿಕೊಂಡು ಬಂದಿದ್ದಳು. ಪೇಂಟರನ ಹೆಂಡತಿಗೆ ಊರಾಚೆಯ ಸೀಟ್ ಕವರ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ. ಸ್ವಲ್ಪ ದೂರದ ಮನೆಯಲ್ಲಿ ಅಕ್ಕನಿಗೆ ಕೆಳಗಿನ ಕೋಣೆ, ಗಂಡ ಹೆಂಡತಿಗೆ ಮೇಲಿನದು. ಅಡುಗೆಮನೆ ಮಾತ್ರ ಒಂದೇ. ಎರಡು ಪಾತ್ರೆ ಒಟ್ಟಿಗಿದ್ದ ಮೇಲೆ ಸದ್ದಾಗದೆ ಇರುತ್ತದೆಯೇ? ಆಗುತ್ತಿತ್ತು. ಆದರೆ ಊಟಕ್ಕೆ ಮೂವರೂ ಒಟ್ಟಿಗೇ ಕೂರುತ್ತಿದ್ದರು.

ಊರಿನ ಉಸಿರೆಲ್ಲ ಆ ಕಾರ್ಖಾನೆಯದು. ಬಟ್ಟೆ ಒಂದು ದೇಶದಿಂದ, ಸ್ಪಂಜು ಇನ್ನೊಂದು ದೇಶದಿಂದ ಬಂದು, ಇಲ್ಲಿ ಹೊಲಿಗೆ ಬಿದ್ದು, ಲಾರಿ ಹತ್ತಿ ಗಡಿಯಾಚೆಯ ಕಾರು ಕಾರ್ಖಾನೆಗೆ ಹೋಗುತ್ತಿತ್ತು. ಬೆಳಗ್ಗೆ ಹೊಲಿದ ಕವರು ಸಂಜೆಯೊಳಗೆ ಅಲ್ಲೊಂದು ಕಾರಿನಲ್ಲಿ ಕೂತಿರುತ್ತಿತ್ತು. ಗಡಿ ಎಂದರೆ ರಸ್ತೆಯ ಮೇಲಿನ ಒಂದು ಬಿಳಿ ಗೆರೆ, ಅಷ್ಟೇ. ಒಂದು ವರ್ಷ ಅದನ್ನು ಬಳಿಯುವ ಗುತ್ತಿಗೆಯೂ ಪೇಂಟರನಿಗೇ ಸಿಕ್ಕಿತ್ತು.

ಆಮೇಲೆ ದೇಶವು ನೆರೆಯ ದೇಶಗಳ ವ್ಯಾಪಾರ ಒಕ್ಕೂಟವನ್ನು ಬಿಟ್ಟು ಹೊರಗೆ ಬಂತು. ಬರಬೇಕೋ ಬೇಡವೋ ಎಂದು ಜನರನ್ನು ಕೇಳಿದಾಗ ಊರು ಅರ್ಧಕ್ಕರ್ಧ ಸೀಳಿತ್ತು. ಮನೆಯಲ್ಲೂ ಹಾಗೇ: ಅಕ್ಕ ಬರಬೇಕು ಅಂದವಳು, ಹೆಂಡತಿ ಬೇಡ ಅಂದವಳು, ಪೇಂಟರ್ ಇಬ್ಬರಿಗೂ ಹೂಂಗುಟ್ಟಿದವನು. ಹೊರಗೆ ಬಂದ ದಿನ ಏನೂ ಆಗಲಿಲ್ಲ. ಆಕಾಶ ಕಳಚಿ ಬೀಳಲಿಲ್ಲ. "ನೋಡಿದ್ಯಾ? ಏನೇನೋ ಹೆದರಿಸಿದ್ರಲ್ಲ!" ಎಂದು ಅಕ್ಕ ನಕ್ಕಳು. ಆದರೆ ನೋಡನೋಡುತ್ತ ಬಿಳಿ ಗೆರೆಯ ಮೇಲೆ ಒಂದು ಗೇಟು ಬಂತು. ಗೇಟಿನ ಪಕ್ಕ ಒಂದು ಕಚೇರಿ, ಕಚೇರಿಯ ಮುಂದೆ ಲಾರಿಗಳ ಸಾಲು. ಸಂಜೆಗೆ ತಲುಪಬೇಕಾದ ಕವರು ವಾರ ಕಳೆದು ತಲುಪಿದರೆ ಆಚೆಯವರು ಎಷ್ಟು ಸಲ ತಡೆದುಕೊಂಡಾರು? ತಮ್ಮ ಕಡೆಯೇ ಬೇರೆ ಹೊಲಿಗೆಯವರನ್ನು ಹುಡುಕಿಕೊಂಡರು. ಇಲ್ಲಿ ರಾತ್ರಿ ಪಾಳಿ ನಿಂತಿತು, ಆಮೇಲೆ ಹಗಲಿನದು. ಒಂದು ದಿನ ಪೇಂಟರನ ಹೆಂಡತಿ ತನ್ನ ಕತ್ತರಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮನೆಗೆ ಬಂದಳು.

ಕಾರ್ಖಾನೆಯ ಹಿಂದೆ ಅಂಗಡಿಗಳು ಹೋದವು. ಬೇಕರಿ, ಚಪ್ಪಲಿ ಅಂಗಡಿ, ಗಡಿಯಾರ ರಿಪೇರಿ. ಕಟಿಂಗ್ ಶಾಪಿನವನು, "ಕೂದಲು ಬೆಳೆಯೋದನ್ನ ಯಾವ ಸರ್ಕಾರವೂ ನಿಲ್ಲಿಸೋಕೆ ಆಗಲ್ಲ" ಎನ್ನುತ್ತಿದ್ದ. ಜನ ಮನೆಯಲ್ಲೇ ಒಬ್ಬರ ತಲೆ ಒಬ್ಬರು ಕತ್ತರಿಸಿಕೊಳ್ಳಲು ಶುರುಮಾಡಿದರು, ಅವನದೂ ಮುಚ್ಚಿತು. ಅಕ್ಕ ಎಲ್ಲರಿಗಿಂತ ಹೆಚ್ಚು ದಿನ ಹಲ್ಲು ಕಚ್ಚಿಕೊಂಡು ಕೂತಳು. ಕೊನೆಗೆ ಒಂದು ಮಧ್ಯಾಹ್ನ, ಸರಕನ್ನೆಲ್ಲ ಒಳಗೇ ಬಿಟ್ಟು ಶಟರ್ ಎಳೆದಳು. ಬೀಗದ ಕೈಯನ್ನು ಅಡುಗೆಮನೆಯ ಮೊಳೆಗೆ ತೂಗುಹಾಕಿ, "ಇನ್ಮೇಲೆ ಅಂಗಡಿ ಮಾತು ನನ್ನ ಮುಂದೆ ಎತ್ತಬೇಡಿ" ಎಂದಳು. ಅಲ್ಲಿಂದಾಚೆ ಅವಳು ಹೆಚ್ಚು ಮಾತಾಡಲಿಲ್ಲ. ಕೋಣೆಯ ಕಿಟಕಿಯ ಹತ್ತಿರ ಕೂತು ಬೆರಳುಗಳನ್ನು ಸುಮ್ಮನೆ ಆಡಿಸುತ್ತಿದ್ದಳು, ದಾರ ಸುತ್ತುವವಳ ಹಾಗೆ.

ಹೀಗಿರುವಾಗ ಪುರಸಭೆಯ ಅಧ್ಯಕ್ಷೆ ಪೇಂಟರನನ್ನು ಕರೆಸಿದಳು. ಒಳ್ಳೆಯ ಹೆಂಗಸು, ಕಾರ್ಖಾನೆ ಉಳಿಸಲು ರಾಜಧಾನಿಗೆ ಅಲೆದು ಅಲೆದು ಚಪ್ಪಲಿ ಸವೆಸಿದವಳು.

"ಪೇಂಟರ್ರೇ, ರಾಜಧಾನಿಯಿಂದ ಅಧಿಕಾರಿಗಳು ಬರ್ತಾ ಇದಾರೆ. ಜೊತೆಗೆ ದೊಡ್ಡ ಕಂಪನಿಯವರು. ಪೆಟ್ಟು ತಿಂದಿರೋ ಊರುಗಳಲ್ಲಿ ಯಾವುದಕ್ಕೆ ಹೊಸ ಕಾರ್ಖಾನೆ ಕೊಡೋಣ ಅಂತ ನೋಡೋಕೆ. ಸತ್ತುಹೋದ ಊರಲ್ಲಿ ಯಾರ್ರೀ ಕಾರ್ಖಾನೆ ಹಾಕ್ತಾರೆ? ನಮ್ಮ ಪೇಟೆಬೀದಿ ಬದುಕಿರೋ ಹಾಗೆ ಕಾಣಬೇಕು."

"ಬೋರ್ಡುಗಳಿಗೆ ಹೊಸ ಬಣ್ಣ ಕೊಡ್ಲಾ ಮೇಡಂ?"

"ಬೋರ್ಡಲ್ಲ, ಅಂಗಡಿನೇ ಬರೀಬೇಕು. ಪ್ರತಿ ಶಟರ್ ಮುಂದೆ ಪ್ಲೈವುಡ್ ಹೊಡೆಸ್ತೀನಿ. ಅದರ ಮೇಲೆ ತೆರೆದಿರೋ ಅಂಗಡಿ. ಸಾಮಾನು, ಕೌಂಟರು, ದೀಪ, ಜನ."

"ಜನ ಬೇಡಿ ಮೇಡಂ. ನಂಗೆ ಮುಖ ಬರಲ್ಲ."

ಅಧ್ಯಕ್ಷೆ ಸ್ವಲ್ಪ ಯೋಚಿಸಿದಳು. "ಬೆನ್ನು ಬರುತ್ತಾ?"

"ಬೆನ್ನು... ಬರುತ್ತೆ."

"ಮತ್ತಿನ್ನೇನು? ಗಿರಾಕಿಗಳು ನಿಲ್ಲೋದೇ ಅಂಗಡಿ ಕಡೆ ಮುಖ ಮಾಡ್ಕೊಂಡು. ಎಲ್ಲರೂ ಬೆನ್ನು ತಿರುಗಿಸಿ ನಿಂತಿರಲಿ."

ಕೆಲಸವಿಲ್ಲದೆ ಕೂತಿದ್ದ ಪೇಂಟರನಿಗೆ ಹಸಿದವನಿಗೆ ಎಲೆ ಹಾಕಿದಂತಾಯಿತು. ಅಷ್ಟು ಮನಸ್ಸಿಟ್ಟು ಅವನು ಎಂದೂ ಕೆಲಸ ಮಾಡಿರಲಿಲ್ಲ. ಬೇಕರಿಯಲ್ಲಿ ಬ್ರೆಡ್ಡಿನ ಮೇಲೆ ಹಬೆ ಬರೆದ. ಚಪ್ಪಲಿ ಅಂಗಡಿಯಲ್ಲಿ ಬಗ್ಗಿ ಬೂಟು ಕಟ್ಟಿಕೊಳ್ಳುತ್ತಿರುವ ಒಬ್ಬ ದಪ್ಪನೆಯವನ ಬೆನ್ನು. ಕಟಿಂಗ್ ಶಾಪಿನ ಕುರ್ಚಿಯಲ್ಲಿ ಒಂದು ತಲೆಯ ಹಿಂಭಾಗ. ಎದುರಿನ ಕನ್ನಡಿಯಲ್ಲಿ ಮುಖ ಕಾಣಬೇಕಾದೀತೆಂದು ಕನ್ನಡಿಯ ಮೇಲೆ ಒಂದು ಟವೆಲ್ ಇಳಿಬಿಟ್ಟ. ಅಕ್ಕನ ಅಂಗಡಿಯನ್ನು ಕೊನೆಗೆ ಇಟ್ಟುಕೊಂಡಿದ್ದ. ದಾರದ ಉಂಡೆಗಳನ್ನು ತಿಳಿಯಿಂದ ಗಾಢಕ್ಕೆ ಬಣ್ಣ ಹಿಡಿದು ಜೋಡಿಸಿ, ಮೇಲಿನ ಗೂಡಿಗೆ ಕೈ ಚಾಚಿದ ಒಬ್ಬ ಹೆಂಗಸಿನ ಬೆನ್ನು ಬರೆದ.

ಬಣ್ಣ ಒಣಗುವ ಮೊದಲೇ ಅಕ್ಕ ಬಂದು ನಿಂತಿದ್ದಳು. ತಿಂಗಳುಗಳ ನಂತರ ಅವಳು ಆ ಬೀದಿಗೆ ಕಾಲಿಟ್ಟದ್ದು ಅಂದೇ.

"ಯಾರೋ ಅದು?"

"ಯಾರೂ ಅಲ್ಲ ಅಕ್ಕ. ಗಿರಾಕಿ."

"ಗಿರಾಕಿ ಕೌಂಟರಿನ ಒಳಗಡೆ ಯಾಕಿದಾಳೆ?"

ಪೇಂಟರ್ ನೋಡಿದ. ನಿಜ. ಹೆಂಗಸು ಕೌಂಟರಿನ ಒಳಬದಿಗಿದ್ದಳು. ಹಾಗೆ ಬರೆದದ್ದು ಅವನಿಗೇ ನೆನಪಿಲ್ಲ. "ಹಾಗಾದ್ರೆ ನೀನೇ ಅಂತ ಇಟ್ಕೋ" ಎಂದು ನಕ್ಕ.

ಅಕ್ಕ ನಗಲಿಲ್ಲ. "ಕಪ್ಪು ದಾರ ಮೇಲಿನ ಗೂಡಲ್ಲಿ ಇಡಬಾರದು. ಅದೇ ಜಾಸ್ತಿ ಹೋಗೋದು. ಕೈಗೆ ಸಿಗೋ ಹಾಗಿರಬೇಕು" ಎಂದು, ಬೆರಳಿನಿಂದ ಹಲಗೆಯನ್ನು ಮುಟ್ಟಿದಳು. ಬೆರಳ ತುದಿಗೆ ಕಪ್ಪು ಅಂಟಿತು. ಅದನ್ನು ಒರೆಸಿಕೊಳ್ಳದೆ ಮನೆಗೆ ಹೋದಳು.

ಚಿತ್ರಗಳೇನೋ ಮುಗಿದವು. ಆದರೆ ತುಂಬಿದ ಅಂಗಡಿಗಳ ಮುಂದೆ ಖಾಲಿ ಬೀದಿ ಇನ್ನಷ್ಟು ಬಿಕೋ ಎನ್ನತೊಡಗಿತು. ಅಧ್ಯಕ್ಷೆಗೆ ಹೊಸ ಯೋಚನೆ ಹೊಳೆಯಿತು. ಅಧಿಕಾರಿಗಳು ಬರುವ ದಿನ ಊರವರೆಲ್ಲ ಕೈಚೀಲ ಹಿಡಿದು ಬೀದಿಯಲ್ಲಿ ಓಡಾಡಬೇಕು. ಚೀಲದೊಳಗೆ ಹಳೆಯ ಪೇಪರ್ ತುರುಕಿಕೊಳ್ಳಲಿ, ಸಾಮಾನಿನ ಹಾಗೆ ಉಬ್ಬಿರುತ್ತದೆ. ಅದಕ್ಕೆ ತಾಲೀಮು ಬೇಕು. ತಾಲೀಮು ಮುಗಿದ ಮೇಲೆ ಎಲ್ಲರಿಗೂ ಟೀ.

ಮೊದಲ ದಿನ ನಗುವೋ ನಗು. ಕಟಿಂಗ್ ಶಾಪಿನವನು ಚಿತ್ರದ ಬೇಕರಿಯ ಮುಂದೆ ನಿಂತು, "ನಿನ್ನೆಯದಲ್ಲ ತಾನೇ?" ಎಂದು ಬ್ರೆಡ್ಡಿಗೆ ಮೂಗು ಹಚ್ಚಿದ. ಪೇಂಟರನ ಹೆಂಡತಿ ಚೀಲ ತೂಗುತ್ತ, "ಜೀವಮಾನದಲ್ಲಿ ಇಷ್ಟೊಂದು ಶಾಪಿಂಗ್ ಮಾಡಿರಲಿಲ್ಲ ರೀ" ಎಂದಳು. ಗದ್ದಲ ಕೇಳಿ ಅಧ್ಯಕ್ಷೆಗೆ ಸಿಟ್ಟು ಬಂತು. "ಅವರು ಕಾರಲ್ಲಿ ಗಾಜು ಏರಿಸ್ಕೊಂಡು ಬರ್ತಾರೆ. ನಿಮ್ಮ ಮಾತು ಯಾರಿಗೂ ಕೇಳಲ್ಲ. ಸುಮ್ನೆ ಬಾಯಿ ಆಡಿಸಿ, ಸಾಕು."

ಜನ ಬಾಯಿ ಆಡಿಸಿದರು.

ಭೇಟಿ ಮುಂದಕ್ಕೆ ಹೋಯಿತು. ಮುಂದಿನ ವಾರ ಎಂದರು. ಆ ವಾರವೂ ಇಲ್ಲ. ಯಾವ ದಿನ ಬಂದುಬಿಡುತ್ತಾರೋ ಎಂದು ಅಧ್ಯಕ್ಷೆ ದಿನಾ ತಾಲೀಮು ಇಟ್ಟಳು. ಜನಕ್ಕೂ ಬೇರೆ ಏನು ಕೆಲಸ? ಬೆಳಗ್ಗೆ ಎದ್ದು, ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಹೊರಡಲು ಒಂದು ಜಾಗ ಸಿಕ್ಕಿತ್ತು. ನಗು ಕಡಿಮೆಯಾಯಿತು, ನಡಿಗೆ ಪಳಗಿತು. ಪೇಂಟರ್ ಏಣಿಯ ಮೇಲೆ ನಿಂತು, ಬಿಸಿಲಿಗೆ ಬಿರಿದ ಬಣ್ಣ ತಿದ್ದುತ್ತ ಕೆಳಗೆ ನೋಡುತ್ತಿದ್ದ. ಇಡೀ ಬೀದಿ ತುಂಬಿ ಜನ. ತುಟಿಗಳು ಆಡುತ್ತಿವೆ, ತಲೆಗಳು ಹೌದು ಹೌದೆಂದು ತೂಗುತ್ತಿವೆ. ದನಿ ಮಾತ್ರ ಇಲ್ಲ. ಚಪ್ಪಲಿಯ ಸದ್ದು, ಚೀಲದೊಳಗೆ ಪೇಪರಿನ ಸರಬರ. ಅಷ್ಟೇ.

ಅಕ್ಕ ಒಂದು ದಿನವೂ ತಪ್ಪಿಸಲಿಲ್ಲ. ಅವಳು ಚೀಲ ಹಿಡಿಯುತ್ತಿರಲಿಲ್ಲ. ತನ್ನ ಹಲಗೆಯ ಮುಂದೆ, ಬರೆದ ಕೌಂಟರಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, "ಇವತ್ತು ವ್ಯಾಪಾರ ಪರವಾಗಿಲ್ಲ ಕಣೋ" ಎಂದಳು.

ತಮಾಷೆಯೆಂದು ಪೇಂಟರ್ ನಕ್ಕ. "ಏನೇನು ಹೋಯ್ತಕ್ಕಾ?"

"ಗುಂಡಿ ಹೋಯ್ತು. ಅಸ್ತರ್ ಎಲ್ಲ ಖಾಲಿ." ಅಕ್ಕ ತುತ್ತು ನುಂಗಿ ನೀರು ಕುಡಿದಳು. "ಆದ್ರೆ ಒಳಗಡೆ ಇರೋಳ ಕೈ ನಿಧಾನ. ಗಿರಾಕಿ ಕಾಯ್ತಾ ಇದ್ರೂ ತಿರುಗಿ ನೋಡಲ್ಲ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮೇಲೆ ತಮ್ಮ ಕೋಣೆಗೆ ಹೋದ ಮೇಲೆ ಹೆಂಡತಿ, "ಅತ್ತಿಗೆನ ನಾಳೆಯಿಂದ ಕಳಿಸೋದು ಬೇಡ ರೀ" ಎಂದಳು. ಪೇಂಟರ್, "ಬಿಡೇ, ಇಷ್ಟು ದಿನ ಬಾಯೇ ಬಿಡ್ತಿರಲಿಲ್ಲ. ಮಾತಾಡ್ತಾಳಲ್ಲ, ಅದೇ ಪುಣ್ಯ" ಎಂದ.

ಮರುದಿನ ಅವನು ಕಟಿಂಗ್ ಶಾಪಿನವನ ಹತ್ತಿರ ಹೋದ. ತಲೆಗೂದಲು ಕುತ್ತಿಗೆ ದಾಟಿತ್ತು. "ಸಂಜೆ ಮನೆ ಕಡೆ ಬಾರಯ್ಯ, ಒಂಚೂರು ಕತ್ತರಿ ಆಡಿಸು."

ಕಟಿಂಗ್ ಶಾಪಿನವನು ಚಿತ್ರದ ಕುರ್ಚಿಯ ಮುಂದೆ ನಿಂತಿದ್ದ. ಕೈಯಲ್ಲಿ ಬಾಚಣಿಗೆ; ಗಾಳಿಯಲ್ಲಿ ಅದು ಮೇಲೆ ಕೆಳಗೆ ಆಡುತ್ತಿತ್ತು. "ಅಂಗಡಿ ಬಿಟ್ಟು ಹೆಂಗಣ್ಣ ಬರೋದು?" ಎಂದ. ಊರಿಗೆಲ್ಲ ನಗೆ ಹಂಚುತ್ತಿದ್ದವನ ಮುಖದಲ್ಲಿ ನಗೆಯ ಸುಳಿವೂ ಇರಲಿಲ್ಲ. "ನೋಡು, ಎಷ್ಟು ಜನ ಕಾಯ್ತಿದಾರೆ." ಅವನ ಹಿಂದೆ ನಿಜಕ್ಕೂ ಒಂದು ಸಾಲಿತ್ತು. ಎಲ್ಲರೂ ಚೀಲ ಹಿಡಿದು, ತುಟಿ ಆಡಿಸುತ್ತ, ತಮ್ಮ ಮುಂದಿನವರ ಬೆನ್ನು ನೋಡುತ್ತ ನಿಂತಿದ್ದರು.

ಆ ವಾರವೇ ಹೆಂಡತಿ ಒಂದು ಮಾತು ಹೇಳಿದಳು. "ರೀ, ಬೀದಿಯಲ್ಲಿ ನನ್ನ ಮುಂದೆ ಯಾವಾಗಲೂ ಒಬ್ಬಳು ನಡೀತಾಳೆ. ಬೂದು ಬಣ್ಣದ ಶಾಲು. ಯಾರು ಅಂತ ಗೊತ್ತಾಗ್ತಿಲ್ಲ. ಮುಖ ನೋಡೋಣ ಅಂತ ಇವತ್ತು ಬೇಗ ಬೇಗ ನಡೆದೆ. ಅವಳೂ ಬೇಗ ನಡೆದಳು. ನಾನು ನಿಂತೆ, ಅವಳೂ ನಿಂತಳು. ಟೀ ಕೊಡೋ ಹೊತ್ತಿಗೆ ಇರಲಿಲ್ಲ."

"ಪಕ್ಕದ ಊರಿನೋಳಿರಬೇಕು. ಅಲ್ಲೂ ಎಲ್ಲ ಮುಚ್ಚಿದೆಯಲ್ಲ, ಟೀಗೋಸ್ಕರ ಬರ್ತಾರೆ."

"ಟೀ ಹೊತ್ತಿಗೇ ಇರಲಿಲ್ಲ ಅಂತಿದೀನಲ್ರೀ" ಎಂದಳು ಹೆಂಡತಿ.

ಕಡೆಗೂ ಅಧಿಕಾರಿಗಳು ಬಂದರು. ಮೂರು ಕಪ್ಪು ಕಾರು, ಕಪ್ಪು ಗಾಜು. ಅಧ್ಯಕ್ಷೆ ಪುರಸಭೆಯ ಮೆಟ್ಟಿಲ ಮೇಲೆ ಹೂಗುಚ್ಛ ಹಿಡಿದು ನಿಂತಿದ್ದಳು. ಕಾರುಗಳು ಪೇಟೆಬೀದಿಗೆ ತಿರುಗಿ, ನಡೆಯುವವನ ವೇಗಕ್ಕೆ ಇಳಿದು, ಒಂದರ ಹಿಂದೆ ಒಂದು ಸಾಗಿದವು. ಜನ ಎರಡು ಬದಿಗೂ ಸರಿದು ತಮ್ಮ ಪಾಡಿಗೆ ಓಡಾಡಿದರು, ಬಾಯಿ ಆಡಿಸಿದರು. ಒಂದು ತಪ್ಪಿಲ್ಲ. ಕಾರು ನಿಲ್ಲಲಿಲ್ಲ. ಗಾಜು ಇಳಿಯಲಿಲ್ಲ. ಬೀದಿಯ ಕೊನೆ ಮುಟ್ಟಿದ್ದೇ ವೇಗ ಹಿಡಿದು ಹೆದ್ದಾರಿಯ ಕಡೆ ಹೋಗಿಬಿಟ್ಟವು. ಒಳಗೆ ಎಷ್ಟು ಜನರಿದ್ದರು, ಇದ್ದರೋ ಇಲ್ಲವೋ, ಯಾರೂ ನೋಡಲಿಲ್ಲ. ಅಧ್ಯಕ್ಷೆ ಹೂಗುಚ್ಛವನ್ನು ಯಾರ ಕೈಗೆ ಕೊಡುವುದೆಂದು ತಿಳಿಯದೆ ಟೀ ಕಾಸುವವಳಿಗೆ ಕೊಟ್ಟಳು. ಮೈಕಿನಲ್ಲಿ, "ಎಲ್ಲರಿಗೂ ತುಂಬ ಥ್ಯಾಂಕ್ಸ್. ಇಲ್ಲಿಗೆ ಮುಗೀತು. ನಾಳೆಯಿಂದ ಬರೋದು ಬೇಡ" ಎಂದಳು.

ಮರುದಿನ ಪೇಂಟರ್ ತಡವಾಗಿ ಎದ್ದ. ಮನೆ ನಿಶ್ಶಬ್ದ. ಕೆಳಗೆ ಅಕ್ಕನ ಕೋಣೆ ಖಾಲಿ. ಅಡುಗೆಮನೆಯಲ್ಲಿ ಹೆಂಡತಿಯೂ ಇಲ್ಲ. ಒಲೆಯ ಮೇಲಿನ ನೀರು ಕುದಿದು ಕುದಿದು ತಳ ಹಿಡಿಯುವುದರಲ್ಲಿತ್ತು. ಒಲೆ ಆರಿಸಿ ಹೊರಗೆ ಬಂದರೆ ದೂರದಿಂದಲೇ ಆ ಸದ್ದು ಕೇಳಿಸಿತು: ಚಪ್ಪಲಿಗಳು, ಪೇಪರಿನ ಸರಬರ.

ಬೀದಿ ತುಂಬಿತ್ತು. ಹಿಂದೆಂದೂ ಅಷ್ಟು ತುಂಬಿರಲಿಲ್ಲ.

ಅಧ್ಯಕ್ಷೆ ಪುರಸಭೆಯ ಬಾಗಿಲಲ್ಲಿ ಒಬ್ಬಳೇ ನಿಂತಿದ್ದಳು. ಪೇಂಟರನನ್ನು ಕಂಡು ಅವನ ತೋಳು ಹಿಡಿದುಕೊಂಡಳು. "ನಾನು ಕರೆದಿಲ್ಲ ಪೇಂಟರ್ರೇ. ದೇವರಾಣೆ ಕರೆದಿಲ್ಲ. ಬೇಡ ಅಂತ ಮೈಕಲ್ಲಿ ಹೇಳಿದ್ದು ನೀವೂ ಕೇಳಿಸ್ಕೊಂಡ್ರಲ್ಲ? ಟೀನೂ ಇಲ್ಲ ಇವತ್ತು. ಒಬ್ಬೊಬ್ಬರನ್ನೇ ಹಿಡಿದು ಮನೆಗೆ ಹೋಗಿ ಅಂದೆ. ತಲೆ ಆಡಿಸ್ತಾರೆ, ಮತ್ತೆ ನಡೀತಾರೆ." ಆಮೇಲೆ ದನಿ ತಗ್ಗಿಸಿ, "ಇದರಲ್ಲಿ ಅರ್ಧ ಜನ ನನಗೆ ಗುರುತೇ ಸಿಗ್ತಿಲ್ಲ" ಎಂದಳು.

ಪೇಂಟರ್ ಗುಂಪಿನೊಳಗೆ ನುಗ್ಗಿದ. ಎತ್ತ ನೋಡಿದರೂ ಬೆನ್ನುಗಳು. ಎದುರಿನಿಂದ ಬರುವವರೂ ಅವನ ಹತ್ತಿರ ಬರುವಷ್ಟರಲ್ಲಿ ಯಾವುದೋ ಅಂಗಡಿಯ ಕಡೆ ತಿರುಗಿಬಿಡುತ್ತಿದ್ದರು. ಅಷ್ಟು ದೂರದಲ್ಲಿ ಹೆಂಡತಿಯ ನೀಲಿ ಅಂಗಿ ಕಂಡಿತು. ಕೂಗಿದ. ಅವಳು ತಿರುಗಲಿಲ್ಲ. ಇವನು ಬೇಗ ನಡೆದ. ಅವಳೂ ಬೇಗ ನಡೆದಳು. ಎರಡೂ ಕೈಯಿಂದ ಜನರನ್ನು ಸರಿಸುತ್ತ ಓಡಿ, ಭುಜ ಹಿಡಿದು ತಿರುಗಿಸಿದ. ತಿರುಗಿಸುವ ಆ ಕ್ಷಣ, ಅಲ್ಲಿ ಯಾವ ಮುಖವಿದ್ದೀತೋ ಎಂದು ಕಣ್ಣು ಮುಚ್ಚಿಕೊಂಡಿದ್ದ.

ಅವಳೇ. ತುಟಿಗಳು ಇನ್ನೂ ಆಡುತ್ತಿದ್ದವು. ಪೇಂಟರ್ ಅವಳ ಕೆನ್ನೆ ತಟ್ಟಿದ, ಹೆಸರು ಹಿಡಿದು ಕರೆದ. ತುಟಿ ನಿಂತಿತು. ಕಣ್ಣಲ್ಲಿ ನೀರು ತುಂಬಿತು.

"ಅತ್ತಿಗೆನ ಕರ್ಕೊಂಡು ಬರೋಣ ಅಂತ ಬಂದೆ ರೀ. ಒಂದ್ ಸುತ್ತು ಹೋದೆ. ಆಮೇಲೆ ಹೊರಗೆ ಬರೋಕೆ ಸಂದೇ ಸಿಗಲಿಲ್ಲ. ಎಷ್ಟು ಹೊತ್ತಿಂದ ನಡೀತಾ ಇದೀನಿ?"

ಅವಳನ್ನು ಪುರಸಭೆಯ ಮೆಟ್ಟಿಲ ಮೇಲೆ ಅಧ್ಯಕ್ಷೆಯ ಪಕ್ಕ ಕೂರಿಸಿ, ಪೇಂಟರ್ ಮನೆಗೆ ಓಡಿ ಅಂಗಡಿಯ ಬೀಗದ ಕೈ ಮತ್ತು ಮೊಳೆ ಕೀಳುವ ಸುತ್ತಿಗೆ ತಂದ. ನೇರ ಅಕ್ಕನ ಹಲಗೆಯ ಹತ್ತಿರ ಹೋಗಿ ಮೊದಲ ಮೊಳೆಗೆ ಸುತ್ತಿಗೆ ಸಿಕ್ಕಿಸಿದ.

"ಏಯ್! ಏನೋ ಮಾಡ್ತಿದೀಯ? ಗಿರಾಕಿಗಳು ನಿಂತಿರೋದು ಕಾಣಲ್ವಾ?" ಅಕ್ಕ ಅವನ ಕೈ ಹಿಡಿದು ಜಗ್ಗಿದಳು. ಅವಳಿಗೆ ಅಷ್ಟು ಬಲವಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಬೆನ್ನಿಗೆ ಗುದ್ದಿದಳು, ಚಿಕ್ಕಂದಿನಲ್ಲಿ ಬೈಯುತ್ತಿದ್ದ ಬೈಗುಳಗಳನ್ನೆಲ್ಲ ಬೈದಳು. ಆ ಮೌನದ ಬೀದಿಯಲ್ಲಿ ಅವಳದೊಂದೇ ದನಿ. ಯಾರೂ ತಿರುಗಿ ನೋಡಲಿಲ್ಲ.

ಹಲಗೆ ಕಳಚಿ ಬಿತ್ತು. ಪೇಂಟರ್ ಬೀಗ ತೆಗೆದು ಶಟರ್ ಎತ್ತಿದ. ತುಕ್ಕು ಹಿಡಿದದ್ದು ಕಿರುಚುತ್ತ ಮೇಲೆ ಹೋಯಿತು. ಒಳಗಿಂದ ಮುಗ್ಗಲು ವಾಸನೆ ಬಂದು ಮುಖಕ್ಕೆ ಬಡಿಯಿತು. ಗೋಡೆಯಲ್ಲಿ ನೀರಿಳಿದು ಒಂದು ಗೂಡು ಪೂರ್ತಿ ಕಪ್ಪಾಗಿತ್ತು. ಅಸ್ತರಿನ ಬಟ್ಟೆಯನ್ನು ಇಲಿ ಹರಿದು ಗೂಡು ಕಟ್ಟಿತ್ತು. ಗುಂಡಿಗಳ ಡಬ್ಬ ಉರುಳಿ ಬಿದ್ದು ನೆಲದ ತುಂಬ ಗುಂಡಿ.

ಅಕ್ಕ ಹೊಸ್ತಿಲಲ್ಲಿ ನಿಂತು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ ತನ್ನ ಸ್ಟೂಲಿನ ಮೇಲೆ ಕೂತು, ಮುಖ ಮುಚ್ಚಿಕೊಂಡು ಅತ್ತಳು. ಭಾವ ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ. ಪೇಂಟರ್ ಪಕ್ಕದಲ್ಲಿ ನೆಲದ ಮೇಲೆ ಕೂತ.

"ಎಲ್ಲ ಹೋಯ್ತು ಕಣೋ" ಎಂದಳು ಕೊನೆಗೆ.

"ಹೂಂ ಅಕ್ಕ. ಹೋಯ್ತು."

"ಕಾರ್ಖಾನೆ ಇನ್ನು ಬರಲ್ಲ."

"ಬರಲ್ಲ."

ಅಕ್ಕ ಮೂಗು ಒರೆಸಿಕೊಂಡು ಸುತ್ತ ನೋಡಿದಳು. "ಪೊರಕೆ ಎಲ್ಲಿಟ್ಟಿದ್ದೆ ನಾನು?" ಎಂದಳು.

ಪೇಂಟರ್ ಹೋಗಿ ಹೆಂಡತಿಯನ್ನೂ ಕರೆತಂದ. ಅಂದು ಕತ್ತಲಾಗುವವರೆಗೆ ಮೂವರೂ ಸೇರಿ ಗುಡಿಸಿದರು. ಹೊರಗೆ ಜನ ನಡೆಯುತ್ತಲೇ ಇದ್ದರು. ಚಿತ್ರದ ಬೇಕರಿಯ ಮುಂದೆ ನಿಲ್ಲುವರು, ಚಿತ್ರದ ಗಡಿಯಾರದ ಅಂಗಡಿಗೆ ತಲೆದೂಗುವರು. ಬೀದಿಯಲ್ಲಿ ನಿಜವಾಗಿ ಬಾಗಿಲು ತೆರೆದಿದ್ದ ಆ ಒಂದೇ ಅಂಗಡಿಯನ್ನು, ಅಲ್ಲೇನೂ ಇಲ್ಲವೆಂಬಂತೆ ದಾಟಿಹೋಗುವರು. ಅಕ್ಕ ಒಂದೆರಡು ಸಲ, "ಬನ್ನಿ, ಏನು ಬೇಕು?" ಎಂದು ಕರೆದಳು. ಯಾರೂ ಬರಲಿಲ್ಲ. ಕತ್ತಲಾಗುವ ಮೊದಲು ಬೂದು ಶಾಲಿನ ಹೆಂಗಸೊಬ್ಬಳು ಅಂಗಡಿಯ ಮುಂದೆ ಸ್ವಲ್ಪ ನಿಂತಂತೆ ಪೇಂಟರನ ಹೆಂಡತಿಗೆ ಅನ್ನಿಸಿತು. ಅವಳು ಗುಡಿಸುವುದನ್ನು ಬಿಟ್ಟು ತಲೆಯೆತ್ತುವಷ್ಟರಲ್ಲಿ ಶಾಲಿನ ಬೆನ್ನಷ್ಟೇ ಕಂಡಿತು.

ಕೆಲವು ದಿನ ಕಳೆದು ರಾಜಧಾನಿಯಿಂದ ಉತ್ತರ ಬಂತು. ಒಕ್ಕೂಟ ಬಿಟ್ಟ ಮೇಲೂ ಈ ಊರಿನ ಪೇಟೆ ಗಿಜಿಗುಡುತ್ತಿರುವುದನ್ನು ಅಧಿಕಾರಿಗಳು ಕಣ್ಣಾರೆ ಕಂಡಿದ್ದಾರಂತೆ. ಆದ್ದರಿಂದ ನೆರವು ಬೇರೆ ಊರುಗಳಿಗಂತೆ. ಅಧ್ಯಕ್ಷೆ ಅದನ್ನು ಯಾರಿಗೂ ಓದಿ ಹೇಳಲಿಲ್ಲ. ರಾಜೀನಾಮೆ ಕೊಟ್ಟು ಮಗಳ ಊರಿಗೆ ಹೋದಳು. ಹೋಗುವ ದಿನ ಪೇಂಟರನಿಗೆ ಅಷ್ಟನ್ನು ಹೇಳಿ, "ನಿಮ್ಮ ಕೈ ಬಲು ಚೆನ್ನಾಗಿತ್ತು ರೀ, ಅದೇ ತಪ್ಪಾಯ್ತು" ಎಂದಳು.

ಪೇಂಟರನೂ ಅವನ ಹೆಂಡತಿಯೂ ಬಂದರಿನ ನಗರಕ್ಕೆ ಹೋದರು. ಅವನಿಗೆ ಹಡಗುಗಳ ಮೇಲೆ ಹೆಸರು ಬರೆಯುವ ಕೆಲಸ ಸಿಕ್ಕಿತು, ಅವಳಿಗೆ ಪರದೆ ಹೊಲಿಯುವ ಕಡೆ. ಅಕ್ಕನನ್ನು ಎಷ್ಟು ಕರೆದರೂ ಬರಲಿಲ್ಲ. ಊರಲ್ಲಿ ಉಳಿದವರು ಹಳೆ ಬಟ್ಟೆಗೆ ತೇಪೆ ಹಾಕಿಕೊಳ್ಳಲು ಒಬ್ಬೊಬ್ಬರಾಗಿ ಅವಳ ಹತ್ತಿರ ಬರತೊಡಗಿದ್ದರು. ಸಂಜೆ ಹೊತ್ತು ಬರುತ್ತಾರೆ, ಹಗಲು ಯಾರೂ ಇಲ್ಲ, ಎಂದಿದ್ದಳು.

ಭಾನುವಾರ ಅವನು ಫೋನು ಮಾಡುತ್ತಾನೆ. ಮೊನ್ನೆಯೂ ಮಾಡಿದ. ಅಕ್ಕ ಅಂಗಡಿಯಲ್ಲಿದ್ದಳು. ಮಂಡಿನೋವು, ಸೋರುವ ಗೋಡೆ, ಕಟಿಂಗ್ ಶಾಪಿನವನು ಊರು ಬಿಟ್ಟದ್ದು, ಎಲ್ಲ ಹೇಳಿದಳು. ದನಿ ಗಟ್ಟಿಯಾಗಿತ್ತು, ನಡುವೆ ಒಮ್ಮೆ ನಕ್ಕಳು ಕೂಡ. ಅವಳು ಮಾತು ನಿಲ್ಲಿಸಿದಾಗಲೆಲ್ಲ ಫೋನಿನೊಳಗೆ ಹಿಂದಿನಿಂದ ಸದ್ದು ಬರುತ್ತಿತ್ತು: ನೂರಾರು ಚಪ್ಪಲಿಗಳು, ಒಂದೇ ಸಮನೆ.

"ಅಕ್ಕಾ, ಅವರು ಇನ್ನೂ ನಡೀತಿದಾರಾ?"

"ಯಾರು?" ಎಂದಳು ಅಕ್ಕ.

ಪೇಂಟರ್ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದ.

"ಹಲೋ? ಕೇಳ್ತಿದ್ಯಾ? ಇಲ್ನೋಡು, ಜಿಪ್ಪು ಮುಗಿದಿದೆ ಕಣೋ. ಅಲ್ಲಿ ಸಿಕ್ಕಿದ್ರೆ ಉದ್ದದ್ದು, ಕಪ್ಪು, ಒಂದಿಷ್ಟು ಕಳಿಸು. ಮರೀಬೇಡ" ಎಂದು ಅಕ್ಕ ಫೋನಿಟ್ಟಳು.